ಸಾಕ್ಷಿಯನ್ನೂ ಒರೆಗೆ ಹಚ್ಚಬೇಕು

"ನನ್ನ ಉಮ್ಮನಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ. ಆದರೆ ದಿನಾ ಸ್ವಲ್ಪ ನಡೆಯಿರಿ ಎಂದರೆ ಮಾತ್ರ ಕೇಳುವುದಿಲ್ಲ. 'ರಕ್ತದ ಸಕ್ಕರೆಗೂ ನನ್ನ ಕಾಲಿಗೂ ಏನು ಸಂಬಂಧ? ಮನೆಗೆಲಸ ಮಾಡಿ ದಣಿದದ್ದು ಸಾಲದೇ?' ಎಂದು ಕೇಳುತ್ತಾರೆ. ನಾನು ಏನೆಂದು ಉತ್ತರಿಸಲಿ?"

ಓದುಗ ಸಹೋದರಿಯೊಬ್ಬರು ಕೇಳಿದ ಪ್ರಶ್ನೆ ಇದು. ಉಮ್ಮ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕಾರಣ ಹೇಳದೆ ಬರೀ 'ನಡೆಯಿರಿ' ಎಂದರೆ ಯಾರಿಗೆ ತಾನೇ ಉತ್ಸಾಹ ಬಂದೀತು? ಈ ಪ್ರಶ್ನೆಗೆ ವಿಜ್ಞಾನದಲ್ಲಿ ಸ್ಪಷ್ಟವಾದ ಉತ್ತರವಿದೆ. ಆ ಉತ್ತರವನ್ನು ಕಂಡುಕೊಂಡ ಬಗೆ ಇನ್ನೂ ಸ್ವಾರಸ್ಯಕರ. ಅದರ ಬೆನ್ನಿಗೇ ವಿಜ್ಞಾನಿಗಳು ತಲೆ ತಗ್ಗಿಸಬೇಕಾಗಿ ಬಂದ ಇನ್ನೊಂದು ಕಥೆಯೂ ಇದೆ. ಎರಡನ್ನೂ ಈ ತಿಂಗಳು ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಳಗೆ ಇಟ್ಟಿರುವ ಬಾಗಿಲುಗಳು

ನಮ್ಮ ದೇಹ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಪ್ರತಿಯೊಂದು ಕೋಶದ ಸುತ್ತಲೂ ಒಂದು ತೆಳುವಾದ ಪೊರೆ ಇರುತ್ತದೆ. ಈ ಪೊರೆ ಎಣ್ಣೆಯ ಗುಣದ್ದು. ಸಕ್ಕರೆ ನೀರಿನಲ್ಲಿ ಕರಗುವ ವಸ್ತು. ಆದ್ದರಿಂದ ರಕ್ತದಲ್ಲಿ ಹರಿಯುವ ಸಕ್ಕರೆ ತಾನಾಗಿಯೇ ಪೊರೆ ದಾಟಿ ಒಳಗೆ ಹೋಗಲಾರದು. ಅದಕ್ಕೊಂದು ಬಾಗಿಲು ಬೇಕು.

ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಆ ಬಾಗಿಲಿನ ಕೆಲಸ ಮಾಡುವುದು ಗ್ಲುಟ್-4 ಎಂಬ ಪ್ರೋಟೀನ್. ವಿಶೇಷವೇನೆಂದರೆ, ಈ ಬಾಗಿಲುಗಳು ಸದಾಕಾಲ ಗೋಡೆಯಲ್ಲಿ ಇರುವುದಿಲ್ಲ. ಹೆಚ್ಚಿನವು ಕೋಶದ ಒಳಗೆ, ಪೊರೆಯಿಂದಲೇ ಆದ ಅತಿ ಸಣ್ಣ ಚೀಲಗಳಲ್ಲಿ ಕಾದು ಕುಳಿತಿರುತ್ತವೆ. ನಾವು ಊಟ ಮಾಡಿದಾಗ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಬರುತ್ತದೆ. ಅದು ಸ್ನಾಯುಕೋಶದ ಹೊರಗಿನಿಂದ ಸಂದೇಶ ಕೊಡುತ್ತದೆ. ಕೂಡಲೇ ಒಳಗಿನ ಚೀಲಗಳು ಹೊರಪೊರೆಯತ್ತ ಸಾಗಿ ಅದರೊಂದಿಗೆ ಬೆಸೆದುಕೊಳ್ಳುತ್ತವೆ. ಚೀಲದಲ್ಲಿದ್ದ ಬಾಗಿಲು ಈಗ ಗೋಡೆಯ ಬಾಗಿಲಾಗುತ್ತದೆ. ಸಕ್ಕರೆ ಒಳಗೆ ಹೋಗುತ್ತದೆ, ರಕ್ತದಲ್ಲಿ ಅದರ ಪ್ರಮಾಣ ಇಳಿಯುತ್ತದೆ. ಇನ್ಸುಲಿನ್ ಕಡಿಮೆಯಾದಾಗ ಬಾಗಿಲುಗಳನ್ನು ಮತ್ತೆ ಒಳಗೆ ಎಳೆದು ಇಡಲಾಗುತ್ತದೆ.

ಎರಡನೆಯ ವಿಧದ ಮಧುಮೇಹದಲ್ಲಿ, ಅಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆಯಲ್ಲಿ, ಸ್ನಾಯುಕೋಶದೊಳಗೆ ಬಾಗಿಲುಗಳಿಗೆ ಬರವಿಲ್ಲ. ಇನ್ಸುಲಿನ್ ಕರೆದರೂ ಆ ಕರೆ ಒಳಗೆ ಸರಿಯಾಗಿ ಮುಟ್ಟುವುದಿಲ್ಲ. ಬಾಗಿಲುಗಳು ಒಳಗೇ ಉಳಿದುಬಿಡುತ್ತವೆ, ಸಕ್ಕರೆ ಹೊರಗೇ ಉಳಿಯುತ್ತದೆ.

ಕೋಶದೊಳಗೆ ಚೀಲಗಳ ಈ ಓಡಾಟವನ್ನು 'ಪೊರೆ ಸಾಗಾಟ' ಎನ್ನಬಹುದು. ಸಕ್ಕರೆಯ ವಿಷಯದಲ್ಲಿ ಮಾತ್ರವಲ್ಲ, ದೇಹದ ನೂರಾರು ಕೆಲಸಗಳಲ್ಲಿ ಇದು ನಡೆಯುತ್ತದೆ. ಇನ್ಸುಲಿನ್ ಕೂಡ ಇಂಥ ಚೀಲಗಳಲ್ಲಿಯೇ ತುಂಬಿಟ್ಟು ಹೊರಗೆ ಬರುತ್ತದೆ. ತಾಯಿಯ ಎದೆಹಾಲಿನ ಪ್ರೋಟೀನ್ ಹೊರಬರುವುದೂ, ನರದಿಂದ ನರಕ್ಕೆ ಸಂದೇಶ ದಾಟುವುದೂ ಹೀಗೆಯೇ. ಈ ಸಾಗಾಟದ ಯಂತ್ರವನ್ನು ಬಿಡಿಸಿ ತೋರಿಸಿದ್ದಕ್ಕೆ ಜೇಮ್ಸ್ ರಾತ್‌ಮನ್, ರ್‍ಯಾಂಡಿ ಶೆಕ್‌ಮನ್ ಮತ್ತು ಥಾಮಸ್ ಸುಡಾಫ್ ಅವರಿಗೆ 2013ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು.

ಕಾಣದ್ದನ್ನು ಕಾಣುವುದು ಹೇಗೆ?

ಇಷ್ಟನ್ನೆಲ್ಲ ಓದುವಾಗ ನಿಮ್ಮಲ್ಲಿ ಒಂದು ಸಂಶಯ ಮೂಡಿರಬಹುದು. ಈ ಚೀಲಗಳನ್ನು ಹತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಉದ್ದವಾದೀತು, ಅಷ್ಟು ಸಣ್ಣವು. ಒಂದು ಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ಕಿಕ್ಕಿರಿದು ತುಂಬಿರುತ್ತವೆ. ಅವುಗಳ ನಡುವೆ ಗ್ಲುಟ್-4 ಇಲ್ಲಿದೆ, ಈಗ ಅಲ್ಲಿಗೆ ಹೋಯಿತು ಎಂದು ಹೇಳುವುದಾದರೂ ಹೇಗೆ?

ಇದಕ್ಕೆ ವಿಜ್ಞಾನಿಗಳು ದೇಹದ ರಕ್ಷಣಾ ವ್ಯವಸ್ಥೆಯಿಂದಲೇ ಒಂದು ಸಾಧನವನ್ನು ಎರವಲು ಪಡೆದರು. ಅದೇ ಪ್ರತಿಕಾಯ ಅಥವಾ ಆಂಟಿಬಾಡಿ. ರೋಗಾಣು ದೇಹದೊಳಗೆ ನುಗ್ಗಿದಾಗ ಅದನ್ನು ಗುರುತಿಸಿ ಹಿಡಿಯಲು ನಮ್ಮ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಒಂದೊಂದು ಪ್ರತಿಕಾಯವೂ ನಿರ್ದಿಷ್ಟವಾದ ಆಕಾರವನ್ನು ಗುರುತಿಸಿ ಅಂಟಿಕೊಳ್ಳುತ್ತದೆ. ನಮಗೆ ಬೇಕಾದ ಪ್ರೋಟೀನನ್ನೋ ಅದರ ಒಂದು ತುಣುಕನ್ನೋ ಮೊಲಕ್ಕೆ ಅಥವಾ ಮೇಕೆಗೆ ಚುಚ್ಚಿದರೆ ಅದರ ರಕ್ತದಲ್ಲಿ ಆ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆ. ಆದರೆ ಅದು ಹಲವು ಬಗೆಗಳ ಮಿಶ್ರಣ. ಪ್ರಾಣಿ ಬದಲಾದರೆ ಮಿಶ್ರಣವೂ ಬದಲಾಗುತ್ತದೆ.

1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೊಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಇದಕ್ಕೊಂದು ಉಪಾಯ ಕಂಡುಹಿಡಿದರು. ಪ್ರತಿಕಾಯ ತಯಾರಿಸುವ ಇಲಿಯ ಕೋಶವನ್ನು, ಸಾಯದೆ ವಂಶ ಬೆಳೆಸುತ್ತಲೇ ಹೋಗುವ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಹೀಗೆ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಕಾಲ ತಯಾರಿಸುವುದು ಸಾಧ್ಯವಾಯಿತು. ಇದಕ್ಕೆ 1984ರಲ್ಲಿ ಅವರು ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಪ್ರತಿಕಾಯ ಹೋಗಿ ಅಂಟಿಕೊಂಡರೂ ಅದು ಕಣ್ಣಿಗೆ ಕಾಣಬೇಕಲ್ಲ? ಅದಕ್ಕಾಗಿ ಹೊಳೆಯುವ ಬಣ್ಣವನ್ನೋ ಚಿನ್ನದ ಅತಿಸಣ್ಣ ಕಣವನ್ನೋ ಕಟ್ಟಿ ಕಳುಹಿಸುತ್ತಾರೆ. ಬಣ್ಣ ಕಟ್ಟಿದರೆ ಸೂಕ್ಷ್ಮದರ್ಶಕದಲ್ಲಿ ಆ ಜಾಗ ಹೊಳೆಯುತ್ತದೆ. ಚಿನ್ನ ಕಟ್ಟಿದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಇದೆಲ್ಲ ದೂರದ ಪ್ರಯೋಗಾಲಯದ ಮಾತು ಎಂದುಕೊಳ್ಳಬೇಡಿ. ಔಷಧಿ ಅಂಗಡಿಯಲ್ಲಿ ಸಿಗುವ ಗರ್ಭಧಾರಣೆ ಪರೀಕ್ಷೆಯ ಪಟ್ಟಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅದರೊಳಗೆ ಇರುವುದೂ ಪ್ರತಿಕಾಯವೇ. ಗರ್ಭ ನಿಂತಾಗ ಮೂತ್ರದಲ್ಲಿ ಬರುವ ಹಾರ್ಮೋನನ್ನು ಅದು ಹಿಡಿಯುತ್ತದೆ. ಹಲವು ಕಿಟ್‌ಗಳಲ್ಲಿ ನಾವು ಕಾತರದಿಂದ ಕಾಯುವ ಆ ಗುಲಾಬಿ ಗೆರೆ, ಪ್ರತಿಕಾಯಕ್ಕೆ ಕಟ್ಟಿದ ಚಿನ್ನದ ಕಣಗಳ ಬಣ್ಣ! ಆ ಪಟ್ಟಿಯಲ್ಲಿ 'ಸಿ' ಅಕ್ಷರದ ಬಳಿ ಇನ್ನೊಂದು ಗೆರೆ ಬರುತ್ತದೆ. ಅದು ಬಾರದಿದ್ದರೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ. ಈ 'ಸಿ' ಗೆರೆಯನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಉಮ್ಮನ ಪ್ರಶ್ನೆಗೆ ಉತ್ತರ

ಈಗ ಸಕ್ಕರೆಯ ಬಾಗಿಲಿಗೆ ಮರಳೋಣ. ಸಕ್ಕರೆ ಸಾಗಿಸುವ ಶಕ್ತಿ ಕೋಶದ ಒಳಗಿನಿಂದ ಹೊರಪೊರೆಗೆ ಬರುತ್ತದೆ ಎಂದು 1980ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಆದರೆ ಆ ಬಾಗಿಲು ಯಾವುದು ಎಂದು ಗೊತ್ತಿರಲಿಲ್ಲ. 1988ರಲ್ಲಿ ಡೇವಿಡ್ ಜೇಮ್ಸ್ ಮತ್ತು ಸಂಗಡಿಗರು ಒಂದು ಪ್ರತಿಕಾಯದ ನೆರವಿನಿಂದ ಅದನ್ನು ಗುರುತಿಸಿದರು. ಅವರ ಪ್ರತಿಕಾಯ ಅಂಟಿದ ಪ್ರೋಟೀನ್ ಇನ್ಸುಲಿನ್‌ನ ಮಾತು ಕೇಳುವ ಅಂಗಾಂಶಗಳಲ್ಲಿ, ಅಂದರೆ ಹೃದಯ, ಸ್ನಾಯು ಮತ್ತು ಕೊಬ್ಬಿನಲ್ಲಿ ಕಂಡುಬಂತು. ಅದೇ ಇಂದಿನ ಗ್ಲುಟ್-4.

1991ರಲ್ಲಿ ನೆದರ್‌ಲ್ಯಾಂಡ್ಸ್‌ನ ಯಾನ್ ಸ್ಲಾಟ್ ಮತ್ತು ಸಂಗಡಿಗರು ಇಲಿಯ ಕೊಬ್ಬಿನ ಅಂಗಾಂಶದಲ್ಲಿ ಗ್ಲುಟ್-4 ಇರುವ ಕಡೆಗೆಲ್ಲ ಚಿನ್ನದ ಕಣ ಕಟ್ಟಿ ಎಣಿಸಿದರು. ಇನ್ಸುಲಿನ್ ಇಲ್ಲದಾಗ ನೂರರಲ್ಲಿ ಒಂದರಷ್ಟು ಮಾತ್ರ ಹೊರಪೊರೆಯಲ್ಲಿತ್ತು. ಇನ್ಸುಲಿನ್ ಕೊಟ್ಟಾಗ ಅದು ಸುಮಾರು ನಲವತ್ತಕ್ಕೆ ಏರಿತು. ಊಹೆಯಾಗಿದ್ದ ಮಾತು ಕಣ್ಣಿಗೆ ಕಾಣುವ ಲೆಕ್ಕವಾಯಿತು.

ಇನ್ನು ಉಮ್ಮನಿಗೆ ಬೇಕಾದ ಮಾತು. ಸ್ನಾಯು ಕುಗ್ಗಿ ಹಿಗ್ಗಿದಾಗಲೂ ಈ ಬಾಗಿಲುಗಳು ಹೊರಗೆ ಬರುತ್ತವೆ. ಆ ಸಂದೇಶ ಇನ್ಸುಲಿನ್‌ನ ದಾರಿಯಲ್ಲಿ ಬರುವುದಿಲ್ಲ, ಅದಕ್ಕೆ ಬೇರೆಯೇ ದಾರಿ ಇದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಂದಲೂ ಎರಡನೆಯ ವಿಧದ ಮಧುಮೇಹ ಇರುವವರಿಂದಲೂ ಸೈಕಲ್ ತುಳಿಸಿ, ತೊಡೆಯ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ಹೊರಪೊರೆಯಲ್ಲಿ ಗ್ಲುಟ್-4 ಇಬ್ಬರಲ್ಲಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿತ್ತು. ಅಂದರೆ ಇನ್ಸುಲಿನ್‌ನ ಕರೆಗೆ ಕಿವುಡಾದ ಸ್ನಾಯು ಕೂಡ ನಡಿಗೆಯ ಕರೆಗೆ ಓಗೊಡುತ್ತದೆ!

'ರಕ್ತದ ಸಕ್ಕರೆಗೂ ಕಾಲಿಗೂ ಏನು ಸಂಬಂಧ' ಎಂಬುದಕ್ಕೆ ಇದೇ ಉತ್ತರ. ದೇಹದ ದೊಡ್ಡ ಸ್ನಾಯುಗಳು ಇರುವುದು ಕಾಲು ಮತ್ತು ತೊಡೆಗಳಲ್ಲಿ. ಅವು ಬಿಡದೆ ಸ್ವಲ್ಪ ಹೊತ್ತು ಕೆಲಸ ಮಾಡಿದರೆ ಮುಚ್ಚಿದ್ದ ಬಾಗಿಲುಗಳು ತೆರೆಯುತ್ತವೆ. ಮನೆಗೆಲಸದ ದಣಿವು ಸುಳ್ಳಲ್ಲ. ಆದರೆ ಒಲೆಯ ಮುಂದೆ ನಿಂತು ದಣಿಯುವುದು ಬೇರೆ, ಅರ್ಧ ಗಂಟೆ ಬೀಸಾಗಿ ನಡೆಯುವುದು ಬೇರೆ.

ಸಾಕ್ಷಿ ಸುಳ್ಳಾದಾಗ

ಇಲ್ಲಿಯವರೆಗಿನದು ಸಾಕ್ಷಿ ನಿಜ ನುಡಿದ ಕಥೆ. ಪ್ರತಿಕಾಯ ಎಂಬುದು ಒಂದು ಸಾಕ್ಷಿಯೇ. 'ನೀವು ಹುಡುಕುವ ಪ್ರೋಟೀನ್ ಇಲ್ಲಿದೆ' ಎಂದು ಅದು ಹೇಳುತ್ತದೆ, ವಿಜ್ಞಾನಿ ಬರೆದುಕೊಳ್ಳುತ್ತಾನೆ. ಆದರೆ ಸಾಕ್ಷಿಯೇ ಆಳು ಗುರುತಿಸುವುದರಲ್ಲಿ ತಪ್ಪಿದರೆ?

ಎ.ಎಲ್.ಎಸ್. ಎಂಬ ಭೀಕರ ನರರೋಗವಿದೆ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈಯಲ್ಲಿ ಹಿಡಿದ ಲೋಟ ಜಾರುತ್ತದೆ, ನಡೆಯುವಾಗ ಕಾಲು ಎಡವುತ್ತದೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ. ಕೊನೆಗೆ ಉಸಿರಾಟಕ್ಕೂ ತೊಂದರೆಯಾಗುತ್ತದೆ. ಇದನ್ನು ಪೂರ್ತಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ರೋಗಿಯನ್ನು ನೋಡಿಕೊಳ್ಳುವ ಮನೆಯವರ ಪಾಡು ಹೇಳತೀರದು.

2011ರಲ್ಲಿ ಈ ರೋಗಕ್ಕೂ ಒಂದು ಬಗೆಯ ಮರೆಗುಳಿತನಕ್ಕೂ ಸಂಬಂಧಿಸಿದ ವಂಶವಾಹಿ ದೋಷವೊಂದು ಪತ್ತೆಯಾಯಿತು. ಆ ವಂಶವಾಹಿಯ ಹೆಸರು ಸಿ9ಓಆರ್‌ಎಫ್72. ಐರೋಪ್ಯ ಮೂಲದ ಜನರಲ್ಲಿ ಎ.ಎಲ್.ಎಸ್.ಗೆ ಅತಿ ಸಾಮಾನ್ಯವಾದ ವಂಶಪಾರಂಪರ್ಯ ಕಾರಣ ಇದೇ ಎಂದು ಗೊತ್ತಾದಾಗ ರೋಗಿಗಳ ಮನೆಗಳಲ್ಲಿ ಆಸೆ ಚಿಗುರಿತು. ಈ ವಂಶವಾಹಿಯಿಂದ ತಯಾರಾಗುವ ಪ್ರೋಟೀನ್ ಕೋಶದಲ್ಲಿ ಎಲ್ಲಿರುತ್ತದೆ, ಏನು ಮಾಡುತ್ತದೆ ಎಂದು ತಿಳಿಯಲು ಜಗತ್ತಿನ ಪ್ರಯೋಗಾಲಯಗಳು ಮುಗಿಬಿದ್ದವು. ಮಾರುಕಟ್ಟೆಯಲ್ಲಿ ಅದಕ್ಕೆ ಪ್ರತಿಕಾಯಗಳೂ ಸಿಗತೊಡಗಿದವು. ಲೇಖನದ ಮೇಲೆ ಲೇಖನ ಪ್ರಕಟವಾಯಿತು.

ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಟರ್ ಮೆಕ್‌ಫರ್ಸನ್ ಅವರ ಪ್ರಯೋಗಾಲಯವಿದೆ. ಪೊರೆ ಸಾಗಾಟವೇ ಅವರ ಅಧ್ಯಯನದ ವಿಷಯ. ಅಲ್ಲಿ ಕಾರ್ಲ್ ಲಾಫ್ಲಾಮ್ ಮತ್ತು ಸಂಗಡಿಗರು ಈ ಪ್ರೋಟೀನಿನ ಕೆಲಸ ಶುರು ಮಾಡುವ ಮೊದಲು ಒಂದು ಸರಳವಾದ ಪ್ರಶ್ನೆ ಕೇಳಿದರು: 'ಈ ಬಾಟಲಿಗಳಲ್ಲಿ ಇರುವ ಪ್ರತಿಕಾಯಗಳು ನಿಜವಾಗಿಯೂ ಅದನ್ನೇ ಹಿಡಿಯುತ್ತವೆಯೇ?' 2019ರಲ್ಲಿ ಅವರ ಫಲಿತಾಂಶ ಪ್ರಕಟವಾಯಿತು. ಬಹಳಷ್ಟು ಜನ ಉಲ್ಲೇಖಿಸಿದ ಲೇಖನಗಳಲ್ಲಿ ಬಳಸಿದ್ದ ಕೆಲವು ಪ್ರತಿಕಾಯಗಳು ಆ ಪ್ರೋಟೀನನ್ನು ಗುರುತಿಸುತ್ತಲೇ ಇರಲಿಲ್ಲ!

ಸ್ವಲ್ಪ ಯೋಚಿಸಿ. ಪ್ರೋಟೀನ್ ಇಲ್ಲಿದೆ ಎಂದು ಚಿತ್ರ ತೋರಿಸಿದವರು ಬೇರೆ ಯಾವುದನ್ನೋ ತೋರಿಸಿದ್ದರು. ಅದನ್ನು ನಂಬಿ ಮುಂದಿನವರು ವರ್ಷಗಟ್ಟಲೆ ದುಡಿದಿದ್ದರು. ಅತ್ತ ರೋಗಿಗಳಿಗೆ ಕಾಯಲು ವರ್ಷಗಳು ಇರುವುದಿಲ್ಲ.

ಅದೇ ತಂಡ ಒಳ್ಳೆಯ ಪ್ರತಿಕಾಯಗಳನ್ನೂ ಆರಿಸಿ ತೆಗೆಯಿತು. ಅವುಗಳಿಂದ ನೋಡಿದಾಗ ಸಿ9ಓಆರ್‌ಎಫ್72 ಪ್ರೋಟೀನ್ ಕೋಶದ ಕಸ ಕರಗಿಸುವ ಲೈಸೋಸೋಮ್ ಎಂಬ ಚೀಲಗಳಲ್ಲಿಯೂ, ಹೊರಗಿನ ವಸ್ತುಗಳನ್ನು ನುಂಗಿ ಒಯ್ಯುವ ಚೀಲಗಳಲ್ಲಿಯೂ ಕಂಡಿತು.

ಇಲ್ಲದ್ದನ್ನು 'ಇಲ್ಲ' ಎನ್ನಬೇಕು

ಸಾಕ್ಷಿಯನ್ನು ಅವರು ಪರೀಕ್ಷಿಸಿದ ಬಗೆ ಯಾರಿಗೂ ಅರ್ಥವಾಗುವಂಥದ್ದು. ವಂಶವಾಹಿಯನ್ನು ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ಆ ಪ್ರೋಟೀನ್ ತಯಾರಾಗದಂಥ ಕೋಶಗಳನ್ನು ಬೆಳೆಸಿದರು. ಒಂದು ಕಡೆ ಪ್ರೋಟೀನ್ ಇರುವ ಕೋಶ, ಇನ್ನೊಂದು ಕಡೆ ಅದು ಇಲ್ಲದ ಕೋಶ. ಎರಡಕ್ಕೂ ಅದೇ ಪ್ರತಿಕಾಯ ಹಾಕಿದರು. ಒಳ್ಳೆಯ ಪ್ರತಿಕಾಯವಾದರೆ ಮೊದಲನೆಯದರಲ್ಲಿ ಗುರುತು ಬರಬೇಕು, ಎರಡನೆಯದರಲ್ಲಿ ಬರಬಾರದು. ಎರಡರಲ್ಲಿಯೂ ಬಂದರೆ ಆ ಸಾಕ್ಷಿಯನ್ನು ನಂಬುವಂತಿಲ್ಲ. ಆಳೇ ಇಲ್ಲದ ಕೋಣೆಯನ್ನು ತೋರಿಸಿ 'ಅವನು ಇಲ್ಲಿದ್ದಾನೆಯೇ?' ಎಂದು ಕೇಳಿದಾಗ 'ಹೌದು' ಎಂದವನ ಮಾತಿಗೆ ಏನು ಬೆಲೆ?

ಗರ್ಭಧಾರಣೆ ಕಿಟ್‌ನ 'ಸಿ' ಗೆರೆ ನೆನಪಿದೆಯೇ? ಪಟ್ಟಿ ಕೆಲಸ ಮಾಡುತ್ತಿದೆ ಎಂದು ಅದು ತೋರಿಸುತ್ತದೆ. ಅದು ಒಂದು ಬಗೆಯ ತಪಾಸಣೆ. ಇಲ್ಲದ್ದನ್ನು ಇಲ್ಲ ಎನ್ನುತ್ತದೆಯೇ ಎಂದು ನೋಡುವುದು ಇನ್ನೊಂದು ಬಗೆ. ನಂಬಿಕೆಗೆ ಎರಡೂ ಬೇಕು. ಅಂದಹಾಗೆ, ಈ ಲೇಖನ ಓದಿ ಮನೆಯ ಕಿಟ್ ಮೇಲೆ ಅನುಮಾನ ಪಡಬೇಡಿ. ರೋಗಿಗಳಿಗಾಗಿ ಮಾಡುವ ಪರೀಕ್ಷೆಗಳಿಗೆ ಬೇರೆಯೇ ನಿಯಮ ಮತ್ತು ತಪಾಸಣೆ ಇವೆ. ನಾನು ಹೇಳುತ್ತಿರುವುದು 'ಸಂಶೋಧನೆಗೆ ಮಾತ್ರ' ಎಂಬ ಚೀಟಿ ಅಂಟಿಸಿ ಪ್ರಯೋಗಾಲಯಗಳಿಗೆ ಮಾರುವ ಪ್ರತಿಕಾಯಗಳ ವಿಷಯ.

ತೊಂದರೆ ಒಂದೇ ಪ್ರೋಟೀನಿನದ್ದಲ್ಲ. ಸಂಶೋಧನೆಯ ಪ್ರತಿಕಾಯಗಳಿಗೆ ಖಚಿತವಾದ ಗುಣಮಟ್ಟ ಬೇಕೆಂದು 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಒಟ್ಟಾಗಿ ಒತ್ತಾಯಿಸಿದ್ದರು. ಕೆಟ್ಟ ಪ್ರತಿಕಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ವ್ಯರ್ಥವಾಗುತ್ತಿದೆ ಎಂಬುದು ಅವರ ಅಂದಾಜಾಗಿತ್ತು. 2023ರಲ್ಲಿ ಲಾಫ್ಲಾಮ್ ಮತ್ತು ಮೆಕ್‌ಫರ್ಸನ್ ಅವರಿದ್ದ ದೊಡ್ಡ ತಂಡವೊಂದು ನರವಿಜ್ಞಾನಕ್ಕೆ ಸಂಬಂಧಿಸಿದ 65 ಪ್ರೋಟೀನುಗಳಿಗೆ ಮಾರಾಟವಾಗುವ 614 ಪ್ರತಿಕಾಯಗಳನ್ನು ಇದೇ ರೀತಿ ಒರೆಗೆ ಹಚ್ಚಿತು. ಅರ್ಧಕ್ಕಿಂತ ಹೆಚ್ಚು ಪ್ರತಿಕಾಯಗಳು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು.

ಸೋಲಿಗೆ ಕಾರಣ ಯಾವಾಗಲೂ ಮೋಸವಲ್ಲ. ಪ್ರೋಟೀನ್ ಜೀವಂತ ಕೋಶದಲ್ಲಿ ಮಡಚಿಕೊಂಡಿರುತ್ತದೆ. ಕೆಲವು ಪರೀಕ್ಷೆಗಳಲ್ಲಿ ಅದನ್ನು ಬಿಡಿಸಿ ನೀಳವಾಗಿ ಮಾಡುತ್ತಾರೆ. ಬಿಡಿಸಿದ್ದನ್ನು ಗುರುತಿಸುವ ಪ್ರತಿಕಾಯ ಮಡಚಿದ್ದನ್ನು ಗುರುತಿಸದೇ ಹೋಗಬಹುದು. ಇನ್ನು ಕೆಲವು ಪ್ರತಿಕಾಯಗಳು ಹೋಲುವ ಆಕಾರದ ಬೇರೆ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಆದರೆ ನಿಜವಾದ ತಪ್ಪು ಮನುಷ್ಯರದ್ದು. 'ಚೀಟಿಯಲ್ಲಿ ಬರೆದಿದೆ, ಹಿಂದಿನವರು ಬಳಸಿದ್ದಾರೆ, ನಾವೂ ಬಳಸೋಣ' ಎಂಬ ಧೋರಣೆ. ಮದುವೆಗೆ ಬಂಗಾರ ಕೊಳ್ಳುವಾಗ ನಾವು ಹಾಲ್‌ಮಾರ್ಕ್ ನೋಡುತ್ತೇವೆ, ಹಳೆಯ ಬಂಗಾರ ಕೊಟ್ಟರೆ ಅಂಗಡಿಯವನು ಒರೆಗಲ್ಲಿಗೆ ಉಜ್ಜಿ ನೋಡುತ್ತಾನೆ. ಮನುಷ್ಯನ ಜೀವಕ್ಕೆ ಸಂಬಂಧಿಸಿದ ವಿಷಯದಲ್ಲಿ ಅಷ್ಟು ಎಚ್ಚರ ಬೇಡವೇ?

ಸಮಾಧಾನದ ಸಂಗತಿಯೂ ಇದೆ. ಅದೇ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನುಗಳಿಗೆ ಕನಿಷ್ಠ ಒಂದಾದರೂ ಒಳ್ಳೆಯ ಪ್ರತಿಕಾಯ ಸಿಕ್ಕಿತು. ಫಲಿತಾಂಶ ನೋಡಿದ ತಯಾರಕರು ಸೋತ ಪ್ರತಿಕಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಮರುಪರಿಶೀಲಿಸಿದರು. ಹಲವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು, ಇಲ್ಲವೇ ಬಳಕೆಯ ಸೂಚನೆ ಬದಲಿಸಿದರು. ವಂಶವಾಹಿ ಮಾಹಿತಿಯಿಂದಲೇ ತಯಾರಿಸುವ ಹೊಸ ಬಗೆಯ ಪ್ರತಿಕಾಯಗಳು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದವು. ಅವುಗಳಿಗೆ ಮತ್ತೆ ಮತ್ತೆ ಪ್ರಾಣಿಗಳ ರಕ್ತ ಬೇಕಾಗಿಲ್ಲ. ಇಂದು ಮಾಡಿದ್ದೂ ಹತ್ತು ವರ್ಷ ಬಿಟ್ಟು ಮಾಡಿದ್ದೂ ಒಂದೇ ಆಗಿರುತ್ತದೆ.

ನಾವು ತೆಗೆದುಕೊಳ್ಳಬೇಕಾದದ್ದು

ಸಹೋದರಿಯರೇ, ವಿಜ್ಞಾನವೂ ತಪ್ಪುತ್ತದಲ್ಲ, ಹಾಗಾದರೆ ನಡಿಗೆಯ ಮಾತನ್ನು ಏಕೆ ನಂಬಬೇಕು ಎಂದು ನಿಮ್ಮ ಉಮ್ಮ ಕೇಳಬಹುದು. ಉತ್ತರ ಹೀಗಿದೆ: ಸಕ್ಕರೆಯ ಬಾಗಿಲಿನ ಕಥೆ ಒಂದೇ ಸಾಕ್ಷಿಯ ಮೇಲೆ ನಿಂತಿಲ್ಲ. ಪ್ರತಿಕಾಯ ಬರುವ ಮೊದಲೇ 1980ರಲ್ಲಿ ಬೇರೆ ವಿಧಾನದಿಂದ ಅದು ಕಂಡಿತ್ತು. ಆಮೇಲೆ ಬೇರೆ ಬೇರೆ ದೇಶಗಳವರು ಬೇರೆ ಬೇರೆ ಸಾಧನಗಳಿಂದ ನೋಡಿದರು. ಎಲ್ಲರ ಮಾತೂ ಕೂಡಿಬಂತು. ನಿಮ್ಮ ಮನೆಯಲ್ಲಿ ಸಕ್ಕರೆ ಅಳೆಯುವ ಯಂತ್ರವಿದ್ದರೆ ನಡಿಗೆಗೆ ಮೊದಲು ಮತ್ತು ನಂತರ ಅಳೆದು ಉಮ್ಮನಿಗೇ ತೋರಿಸಿ.

ಆದರೆ ಎಚ್ಚರಿಕೆಯೂ ಇರಲಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೂ ನಡಿಗೆಯಿಂದ ಸಕ್ಕರೆ ತೀರಾ ಇಳಿಯಬಹುದು. ಅಂಥವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ನಡಿಗೆ ಮಾತ್ರೆಗೆ ಬದಲಿಯಲ್ಲ. ವಾರಕ್ಕೆ 150 ನಿಮಿಷದಷ್ಟಾದರೂ ಮಿತವಾದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಒಮ್ಮೆಗೇ ಆಗದಿದ್ದರೆ ಊಟದ ಬಳಿಕ ಹತ್ತು ಹತ್ತು ನಿಮಿಷವಾದರೂ ಆದೀತು. ಒಬ್ಬರೇ ಹೋಗಲು ಬೇಸರವಾದರೆ ಮಗಳೋ ಸೊಸೆಯೋ ಜೊತೆಗೆ ಹೋಗಲಿ. ಅವರಿಗೂ ಒಳ್ಳೆಯದೇ.

ಇನ್ನೊಂದು ಮಾತು. 'ಈ ಕಷಾಯದಿಂದ ಸಕ್ಕರೆ ಕಾಯಿಲೆ ಪೂರ್ತಿ ಗುಣ, ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ' ಎಂಬ ಸಂದೇಶ ಮೊಬೈಲಿಗೆ ಬಂದಾಗ ಮಾಂಟ್ರಿಯಲ್‌ನವರು ಕೇಳಿದ ಪ್ರಶ್ನೆಯನ್ನು ನೀವೂ ಕೇಳಿ. ನೋಡಿದವರು ಯಾರು? ಏನಿಟ್ಟುಕೊಂಡು ನೋಡಿದರು? ಕಷಾಯ ಕುಡಿಯದವರೊಂದಿಗೆ ಹೋಲಿಸಿ ನೋಡಿದ್ದಾರೆಯೇ? ಬೇರೆಯವರಿಗೂ ಹಾಗೆಯೇ ಕಂಡಿತೇ? ಉತ್ತರವಿಲ್ಲದಿದ್ದರೆ ಆ ಸಂದೇಶವನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ಅದನ್ನು ನಂಬಿ ಮಾತ್ರೆ ಬಿಡುವವರು ನಿಮ್ಮ ಬಂಧುಗಳೇ ಆಗಿರಬಹುದು.